ಹಿಟ್ಟು, ಮಳೆ, ಮರಳು: ಮನೆಯಲ್ಲಿರುವ ಸಾಮಾನಿನಿಂದಲೇ ಫೋನ್ ಕಾಪಾಡಿಕೊಳ್ಳೋದು ಹೇಗೆ?

ಹಿಟ್ಟಿನಕೈ
ಎಲ್ಲರಿಗೂ ನಮಸ್ಕಾರ. ಅಡುಗೆ ಮಾಡುವಾಗ ಫೋನಿನಲ್ಲಿ ವಿಡಿಯೋ ನೋಡಿಕೊಂಡೇ ಮಾಡುತ್ತೇನೆ. ಕೈಯಲ್ಲಿ ಹಿಟ್ಟು, ಎಣ್ಣೆ. ಪ್ರತಿ ಸಲ ಕೈ ತೊಳೆದು, ಒರೆಸಿ, ವಿಡಿಯೋ ನಿಲ್ಲಿಸಿ ಮತ್ತೆ ಶುರು ಮಾಡುವಷ್ಟರಲ್ಲಿ ಒಲೆ ಮೇಲಿದ್ದದ್ದು ತಳ ಹಿಡಿದಿರುತ್ತದೆ. ಸ್ಪೀಕರ್ ತೂತುಗಳಲ್ಲಿ ಹಿಟ್ಟು ಕೂತು ಧ್ವನಿ ಕೂಡ ಕಮ್ಮಿಯಾಗಿದೆ.

ಇದರ ಜೊತೆ ಮಕ್ಕಳನ್ನು ಕರೆದುಕೊಂಡು ಒಂದು ದೋಣಿ ಪ್ರವಾಸಕ್ಕೆ ಹೊರಟಿದ್ದೇವೆ. ವಾಟರ್‌ಪ್ರೂಫ್ ಪೌಚ್ ತರಿಸುವಷ್ಟು ಸಮಯ ಇಲ್ಲ. ಮನೆಯಲ್ಲಿರುವುದರಲ್ಲೇ ಏನಾದರೂ ಮಾಡಬೇಕು. ಜಿಪ್ ಲಾಕ್ ಕವರ್, ಕ್ಲಿಂಗ್ ಫಿಲ್ಮ್ (ತಿಂಡಿ ಸುತ್ತಿಡುವ ತೆಳು ಪ್ಲಾಸ್ಟಿಕ್ ಹಾಳೆ), ಬಲೂನ್ ಅಂತ ಏನೇನೋ ವಿಡಿಯೋಗಳಲ್ಲಿ ತೋರಿಸುತ್ತಾರೆ. ಯಾವುದನ್ನು ನಂಬಬಹುದು? ನಮ್ಮ ಮನೆಯವರು "ಫೋನ್ ಐಪಿ68 ಇದೆ, ನೀರು ಧೂಳು ತಡೆಯುತ್ತದೆ ಅನ್ನುವ ಗುರುತು ಅದು, ಕವರ್ ಯಾಕೆ" ಅನ್ನುತ್ತಾರೆ. ಅದು ಸರಿನಾ?

ಸಂಜೆಮಳೆ
ಜಿಪ್ ಲಾಕ್ ಕವರ್. ಬೇರೆ ಏನೂ ಬೇಡ.

ಗರಗಸ
ನನ್ನದು ಮರಗೆಲಸ. ಇಡೀ ದಿನ ಮರದ ಪುಡಿ, ಅಂಟು, ಪಾಲಿಶ್. ಫೋನ್ ಯಾವಾಗಲೂ ಜಿಪ್ ಲಾಕ್ ಕವರಿನಲ್ಲೇ ಇರುತ್ತದೆ. ಆದರೆ ಎಲ್ಲ ಕವರೂ ಒಂದೇ ಅಲ್ಲ. ತೆಳು ಕವರಿನಲ್ಲಿ ಟಚ್ ಚೆನ್ನಾಗಿರುತ್ತದೆ, ಆದರೆ ಮೂಲೆಯಲ್ಲಿ ಬೇಗ ಹರಿಯುತ್ತದೆ. ಫ್ರೀಜರಿಗೆ ಅಂತ ಮಾರುವ ದಪ್ಪ ಕವರ್ ಗಟ್ಟಿ. ಅದರಲ್ಲೂ ಎರಡು ಗೆರೆಯ ಜಿಪ್ ಇರುವುದನ್ನು ತೆಗೆದುಕೊಳ್ಳಿ.

ನಂಬುವ ಮೊದಲು ಪರೀಕ್ಷೆ ಮಾಡಿ. ಒಂದು ಟಿಶ್ಯೂ ಪೇಪರ್ ಮಡಚಿ ಒಳಗಿಟ್ಟು ಜಿಪ್ ಹಾಕಿ. ಬಕೆಟ್ ನೀರಿನಲ್ಲಿ ಅದುಮಿ ಅರ್ಧ ಗಂಟೆ ಬಿಡಿ, ಮೇಲೆ ಏನಾದರೂ ಭಾರ ಇಡಿ. ತೆಗೆದ ಮೇಲೆ ಮೊದಲು ಕವರಿನ ಹೊರಗನ್ನು ಪೂರ್ತಿ ಒರೆಸಿ, ಆಮೇಲೆ ಬಿಚ್ಚಿ. ಇಲ್ಲದಿದ್ದರೆ ಹೊರಗಿನ ಹನಿಯೇ ಒಳಗೆ ಬಿದ್ದು ಸುಮ್ನೆ ಗೊಂದಲ ಆಗುತ್ತದೆ. ಟಿಶ್ಯೂವಿನ ಎರಡೂ ತುದಿ ಮುಟ್ಟಿ ನೋಡಿ. ಸೋರಿದರೆ ಹೆಚ್ಚಾಗಿ ಜಿಪ್ಪಿನ ಮೂಲೆಯಲ್ಲಿ ಸೋರುತ್ತದೆ, ಒದ್ದೆ ಕಲೆ ಅಲ್ಲೇ ಕಾಣುತ್ತದೆ. ಅಂಥ ಕವರನ್ನು ಅಡುಗೆಮನೆಗೆ ಇಟ್ಟುಕೊಳ್ಳಿ, ದೋಣಿಗೆ ಬೇಡ.

ಸೋಲ್ಡರ್
ಫೋನ್ ರಿಪೇರಿ ನನ್ನ ಕೆಲಸ. ಐಪಿ68 ಬಗ್ಗೆ ಹೇಳಲೇಬೇಕು, ಯಾಕಂದ್ರೆ ನಮ್ಮ ಟೇಬಲ್ ಮೇಲೆ ಬರುವ ಒದ್ದೆ ಫೋನುಗಳಲ್ಲಿ ಈ ಗುರುತು ಇರುವವೂ ಬೇಕಾದಷ್ಟು.

ಮೊದಲ ಅಂಕಿ 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ. ಎರಡನೆಯದು ನೀರಿಗೆ. 7 ಅಂದರೆ 1 ಮೀಟರ್ ಆಳದಲ್ಲಿ 30 ನಿಮಿಷ. 8 ಅಂದರೆ ಅದಕ್ಕಿಂತ ಕಠಿಣ, ಆದರೆ ಎಷ್ಟು ಆಳ ಅನ್ನುವುದನ್ನು ಕಂಪನಿಯೇ ಹೇಳಬೇಕು. ಕೆಲವು ಫೋನಿಗೆ 1.5 ಮೀಟರ್, ಕೆಲವಕ್ಕೆ 6 ಮೀಟರ್. ಇದೆಲ್ಲ ಹೊಸ ಫೋನಿಗೆ, ನಿಂತ ಸಿಹಿನೀರಿನಲ್ಲಿ ಮಾಡಿದ ಪರೀಕ್ಷೆ. ಸಮುದ್ರದ ನೀರು, ಸೋಪಿನ ನೀರು, ಈಜುಕೊಳದ ಕ್ಲೋರಿನ್ ನೀರು ಇದರಲ್ಲಿ ಬರುವುದಿಲ್ಲ. ಒಳಗಿರುವುದು ತೆಳುವಾದ ಅಂಟಿನ ಪಟ್ಟಿ ಮತ್ತು ರಬ್ಬರ್ ಬಳೆ. ಫೋನ್ ಬಿದ್ದು ಫ್ರೇಮ್ ಸ್ವಲ್ಪ ಬಾಗಿದರೂ ಸಾಕು, ಅಂಟು ಬಿಡುತ್ತದೆ. ಒಂದು ಸಲ ಡಿಸ್‌ಪ್ಲೇ ಅಥವಾ ಬ್ಯಾಟರಿ ಬದಲಾಯಿಸಿದ್ದರೆ, ಹೊಸ ಅಂಟು ಸರಿಯಾಗಿ ಹಾಕಿದ್ದಾರೆ ಅಂತ ಖಾತ್ರಿ ಇಲ್ಲದೆ ನೀರಿನ ಹತ್ತಿರ ಒಯ್ಯಬೇಡಿ.

ಇನ್ನೊಂದು ವಿಷಯ. ಬಹುತೇಕ ಫೋನುಗಳಲ್ಲಿ ಸಿಮ್ ಟ್ರೇ ಜಾಗದ ಒಳಗೆ ಒಂದು ಸಣ್ಣ ಬಿಳಿ ಪಟ್ಟಿ ಇರುತ್ತದೆ. ನೀರು ತಗುಲಿದರೆ ಕೆಂಪಾಗುತ್ತದೆ. ಅದು ಕೆಂಪಾಗಿದ್ದರೆ ಸಾಮಾನ್ಯವಾಗಿ ವಾರಂಟಿ ಸಿಗುವುದಿಲ್ಲ, ಐಪಿ68 ಇದ್ದರೂ ಅಷ್ಟೇ. ಆದ್ದರಿಂದ ಕವರ್ ಹಾಕಿ.

ಹಿಟ್ಟಿನಕೈ
ಸೋಲ್ಡರ್ ಅವರೇ, ಇದನ್ನು ಹಾಗೇ ಮನೆಯವರಿಗೆ ಓದಿ ಹೇಳಿದೆ. ನಮ್ಮ ಫೋನಿಗೆ ಹೋದ ವರ್ಷ ಡಿಸ್‌ಪ್ಲೇ ಬದಲಾಗಿದೆ, ಹಾಗಾಗಿ ಕವರ್ ಖಂಡಿತ. ಕವರಿನೊಳಗೆ ಫಿಂಗರ್‌ಪ್ರಿಂಟ್ ಕೆಲಸ ಮಾಡುತ್ತಾ?

ಎಡಗೈ
ಟಚ್ ಮಾಡುತ್ತದೆ, ಫಿಂಗರ್‌ಪ್ರಿಂಟ್ ಹೆಚ್ಚಾಗಿ ಮಾಡಲ್ಲ. ಸ್ಕ್ರೀನಿಗೆ ಬೆರಳಿನ ವಿದ್ಯುತ್ ಪ್ರಭಾವ ಸಾಕು, ನಡುವೆ ತೆಳು ಪ್ಲಾಸ್ಟಿಕ್ ಇದ್ದರೂ ಗೊತ್ತಾಗುತ್ತದೆ. ಬೆರಳಚ್ಚಿಗೆ ಗೆರೆಗಳು ಸ್ಪಷ್ಟವಾಗಿ ಕಾಣಬೇಕು. ಪಕ್ಕದ ಬಟನ್ನಿನಲ್ಲಿರುವ ಸೆನ್ಸರಂತೂ ಕವರಿನ ಮೇಲೆ ಓದುವುದೇ ಇಲ್ಲ ಅನ್ನಬಹುದು. ಹೊರಡುವ ಮೊದಲು ಪಿನ್ ನೆನಪಿದೆಯಾ ನೋಡಿಕೊಳ್ಳಿ. ದಿನಾ ಬೆರಳಲ್ಲೇ ತೆರೆದು ತೆರೆದು ಪಿನ್ ಮರೆತವರು ಬಹಳ ಜನ.

ದೋಣಿಹುಟ್ಟು
ದೋಣಿಗೆ ಅಂದಿರಲ್ಲ, ಅದಕ್ಕೆ ಹೇಳುತ್ತೇನೆ. ಕವರಿನಲ್ಲಿ ಗಾಳಿ ಬಿಡಿ. ಗಾಳಿ ಇದ್ದರೆ ಕೈತಪ್ಪಿ ಬಿದ್ದರೂ ತೇಲುತ್ತದೆ. ಗಾಳಿ ತೆಗೆದರೆ ಕವರ್ ಸಮೇತ ತಳ ಸೇರುತ್ತದೆ. ಒಳಗೆ ನೀರು ಹೋಗದಿದ್ದರೂ ಫೋನ್ ಸಿಗದಿದ್ದರೆ ಏನು ಪ್ರಯೋಜನ?

ಗರಗಸ
ಒಪ್ಪಲ್ಲ. ಗಾಳಿ ಇದ್ದರೆ ಪ್ಲಾಸ್ಟಿಕ್ ಸ್ಕ್ರೀನಿಗೆ ಅಂಟಿ ಕೂರುವುದಿಲ್ಲ. ಟಚ್ ಕೆಡುತ್ತದೆ, ಫೋಟೋ ಮಂಜಾಗುತ್ತದೆ. ಒಳಗಿನ ಗಾಳಿಯಲ್ಲಿ ತೇವ ಇದ್ದರೆ ತಣ್ಣಗಾದಾಗ ಹನಿಗಟ್ಟುವುದು ಬೇರೆ.

ದೋಣಿಹುಟ್ಟು
ಫೋಟೋ ತೆಗೆಯುವವರಿಗೆ ನಿಮ್ಮ ಮಾತು ಸರಿ. ಸುಮ್ನೆ ಜೊತೆಗೆ ಒಯ್ಯುವವರಿಗೆ ನನ್ನದು ಸರಿ.

ಸಂಜೆಮಳೆ
ಎರಡು ಕವರ್ ಹಾಕಿದರೆ ಮುಗಿಯಿತಲ್ವಾ? ಒಳಗಿನ ಸಣ್ಣದರಲ್ಲಿ ಗಾಳಿ ಪೂರ್ತಿ ತೆಗೆದು ಫೋನ್. ಹೊರಗಿನ ದೊಡ್ಡದರಲ್ಲಿ ಗಾಳಿ ತುಂಬಿಸಿ ಜಿಪ್. ಫೋಟೋ ಬೇಕಾದಾಗ ಹೊರಗಿನದನ್ನು ಮಾತ್ರ ಬಿಚ್ಚಿ.

ದೋಣಿಹುಟ್ಟು
ಇದು ಚೆನ್ನಾಗಿದೆ. ಮೂಲೆಗೆ ದಾರ ಕಟ್ಟುವ ಆಸೆಗೆ ಮಾತ್ರ ಕವರಿಗೆ ತೂತು ಮಾಡಬೇಡಿ. ಜಿಪ್ ಗೆರೆಯಿಂದ ಮೇಲಿರುವ ಅಂಚನ್ನು ಮಡಚಿ, ಅದರ ಮೇಲೆ ದಪ್ಪ ಟೇಪ್ ಸುತ್ತಿ, ಆ ಟೇಪಿನಲ್ಲಿ ತೂತು ಮಾಡಿ ದಾರ ಕಟ್ಟಿ. ಜಿಪ್ಪಿನ ಕೆಳಗೆ ಸೂಜಿ ಮೊನೆಯೂ ತಾಗಬಾರದು. ಬಚ್ಚಲಿನ ಬಕೆಟ್ಟಿನಲ್ಲೇ ಒಮ್ಮೆ ತೇಲಿಸಿ ನೋಡಿ. ಆಗ ಒಳಗೆ ಫೋನ್ ಬದಲು ಅಷ್ಟೇ ತೂಕದ ಕಲ್ಲೋ ಬೀಗವೋ ಇಡಿ, ಚೂಪು ಅಂಚು ಇರಬಾರದು.

ಹೊಸಬ
ಅಲ್ಯುಮಿನಿಯಂ ಫಾಯಿಲ್ ಸುತ್ತಿದರೆ? ಅದು ಪ್ಲಾಸ್ಟಿಕ್‌ಗಿಂತ ಗಟ್ಟಿ.

ಎಡಗೈ
ಬೇಡ. ಲೋಹ ಸಿಗ್ನಲ್ ತಡೆಯುತ್ತದೆ. ನೆಟ್‌ವರ್ಕ್ ಹುಡುಕಿ ಹುಡುಕಿ ಬ್ಯಾಟರಿ ಬೇಗ ಇಳಿಯುತ್ತದೆ. ಟಚ್ ಅಂತೂ ಇಲ್ಲವೇ ಇಲ್ಲ. ಮಡಿಕೆಗಳ ನಡುವೆ ನೀರೂ ನುಗ್ಗುತ್ತದೆ.

ಬಣ್ಣದಬ್ರಶ್
ಕ್ಲಿಂಗ್ ಫಿಲ್ಮ್ ಬಗ್ಗೆ ನಾನು ಹೇಳುತ್ತೇನೆ. ಗೋಡೆಗೆ ಬಣ್ಣ ಹೊಡೆಯುವಾಗ ಇದಕ್ಕಿಂತ ಒಳ್ಳೆಯದು ಇಲ್ಲ. ಒಂದೇ ಪದರ, ಮುಂದಿನಿಂದ ಹಿಂದಕ್ಕೆ ಎಳೆದು ಸುತ್ತಬೇಕು, ಸ್ಕ್ರೀನ್ ಕಡೆ ಒಂದೂ ಸುಕ್ಕು ಇರಬಾರದು. ತುದಿಗಳು ಬೆನ್ನಿನ ಕಡೆ ಬರಲಿ. ಟಚ್ ಜಿಪ್ ಲಾಕ್‌ಗಿಂತ ಚೆನ್ನಾಗಿರುತ್ತದೆ. ಬಣ್ಣ ಮೆತ್ತಿದರೆ ಕಿತ್ತೆಸೆದು ಹೊಸದು ಸುತ್ತುವುದು. ಸುಣ್ಣದ ಪುಡಿ, ಗೋಡೆ ಉಜ್ಜಿದ ಧೂಳು ಸ್ಪೀಕರ್ ಜಾಲರಿಗೆ ಹೋಗುವುದನ್ನೂ ತಡೆಯುತ್ತದೆ.

ಆದರೆ ಇದು ನೀರಿಗಲ್ಲ. ಹನಿ ಬಿದ್ದರೆ ಪರವಾಗಿಲ್ಲ, ಸಿಂಕಿಗೆ ಬಿದ್ದರೆ ಮಡಿಕೆಯಲ್ಲಿ ನೀರು ಹೋಗುತ್ತದೆ. ಕೆಲಸ ಮುಗಿದ ತಕ್ಷಣ ಬಿಚ್ಚಿ. ಸುತ್ತಿಕೊಂಡೇ ಚಾರ್ಜಿಗೆ ಹಾಕಿದರೆ ಬಿಸಿ ಹೊರಗೆ ಹೋಗಲು ದಾರಿ ಇಲ್ಲ.

ಕಿಟಕಿಪಕ್ಕ
ಬಲೂನ್ ವಿಡಿಯೋ ನಾನೂ ನೋಡಿದ್ದೇನೆ. ಊದಿದ ಬಲೂನಿನ ಮೇಲೆ ಫೋನ್ ಒತ್ತಿ ಹಿಡಿದು ಗಾಳಿ ಬಿಟ್ಟರೆ ರಬ್ಬರ್ ಫೋನನ್ನು ಅಪ್ಪಿಕೊಳ್ಳುತ್ತದೆ. ನೋಡಲು ಚೆನ್ನ. ಆದರೆ ಮುಂದಿನ ಸ್ಕ್ರೀನ್ ತೆರೆದೇ ಇರುತ್ತದೆ, ಅಂಚು ಮಾತ್ರ ಮುಚ್ಚುತ್ತದೆ. ಬಿದ್ದಾಗ ಅಂಚಿಗೆ ಸ್ವಲ್ಪ ಮೆತ್ತೆ ಆಗಬಹುದು. ನೀರಿನಿಂದ ಕಾಪಾಡುತ್ತದೆ ಅನ್ನುವುದು ಸುಳ್ಳು.

ಒಗ್ಗರಣೆ
ಹಿಟ್ಟಿನಕೈ ಅವರೇ, ಅಡುಗೆಮನೆ ಪ್ರಶ್ನೆಗೆ ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ನನಗೆ ಗೊತ್ತಿರುವುದು ಹೇಳುತ್ತೇನೆ.

ಫೋನನ್ನು ಕಟ್ಟೆ ಮೇಲೆ ಇಡಲೇಬೇಡಿ. ಎಲ್ಲ ಚೆಲ್ಲುವುದು ಅಲ್ಲೇ. ಪ್ಯಾಂಟ್ ನೇತುಹಾಕುವ ಕ್ಲಿಪ್ ಇರುವ ಹ್ಯಾಂಗರ್ ಇರುತ್ತದಲ್ಲ, ಅದನ್ನು ಮೇಲಿನ ಕಪಾಟಿನ ಹಿಡಿಗೆ ಸಿಕ್ಕಿಸಿ. ಜಿಪ್ ಲಾಕ್ ಕವರಿನ ಮೇಲಂಚನ್ನು ಎರಡು ಕ್ಲಿಪ್ಪಿಗೆ ಕಚ್ಚಿಸಿ. ಫೋನ್ ಸರಿಯಾಗಿ ಕಣ್ಣಿನ ಎತ್ತರಕ್ಕೆ ನೇತಾಡುತ್ತದೆ. ಒಲೆಯ ನೇರ ಮೇಲೆ ಮಾತ್ರ ಬೇಡ, ಹಬೆ ಮತ್ತು ಬಿಸಿ ಎರಡೂ ಬಡಿಯುತ್ತದೆ.

ಆಮೇಲೆ ಸೆಟ್ಟಿಂಗಿಗೆ ಹೋಗಿ ಸ್ಕ್ರೀನ್ ಆರುವ ಸಮಯವನ್ನು ಜಾಸ್ತಿ ಮಾಡಿ, 10 ನಿಮಿಷವೋ ಎಷ್ಟಿದೆಯೋ ಅಷ್ಟು. ಬರೆದದ್ದನ್ನು ಓದಿಕೊಂಡು ಮಾಡುವವರಿಗೆ ಅರ್ಧ ತೊಂದರೆ ಇಲ್ಲೇ ಮುಗಿಯುತ್ತದೆ. ಮುಟ್ಟಲೇಬೇಕಾದರೆ ಬೆರಳ ತುದಿ ಬದಲು ಬೆರಳ ಗೆಣ್ಣು ಬಳಸಿ, ಟಚ್ ಅದಕ್ಕೂ ಸ್ಪಂದಿಸುತ್ತದೆ. ಹಿಟ್ಟು ಕಲಸುವಾಗ ಗೆಣ್ಣಿನ ಹಿಂಭಾಗ ಸಾಮಾನ್ಯವಾಗಿ ಒಣಗಿರುತ್ತದೆ. ಧ್ವನಿಯಲ್ಲೇ "ನಿಲ್ಲಿಸು" ಅನ್ನಲು ಬಂದರೆ ಇನ್ನೂ ಒಳ್ಳೆಯದು.

ಈಗಾಗಲೇ ಕೂತಿರುವ ಹಿಟ್ಟಿಗೆ ಮೆತ್ತಗಿನ, ಒಣ ಹಲ್ಲುಜ್ಜುವ ಬ್ರಶ್. ಫೋನನ್ನು ಬಗ್ಗಿಸಿ ಹಿಡಿದು ಹೊರಮುಖವಾಗಿ ಉಜ್ಜಿ. ಒಳಕ್ಕೆ ಒತ್ತಬೇಡಿ, ಒದ್ದೆ ಬಟ್ಟೆ ಬೇಡ. ಹಿಟ್ಟು ನೀರು ಕಂಡರೆ ಅಂಟಾಗಿ ಜಾಲರಿಗೇ ಗಟ್ಟಿಯಾಗುತ್ತದೆ.

ಹಿಟ್ಟಿನಕೈ
ಹ್ಯಾಂಗರ್ ಈಗಲೇ ಸಿಕ್ಕಿಸಿ ನೋಡಿದೆ, ಸರಿಯಾಗಿ ನಿಲ್ಲುತ್ತದೆ! ಬ್ರಶ್ ಹಾಕಿದ ಮೇಲೆ ಧ್ವನಿಯೂ ಎಷ್ಟೋ ವಾಸಿ. ತುಂಬಾ ಥ್ಯಾಂಕ್ಸ್.

ಕಿಟಕಿಪಕ್ಕ
ಸ್ನಾನದ ಮನೆಗೂ ಇದೇ ಉಪಾಯ ಮಾಡಬಹುದಾ? ಹಾಡು ಕೇಳೋಕೆ.

ಸೋಲ್ಡರ್
ಹಾಡು ಬೇಕಾದರೆ ಫೋನ್ ಬಾಗಿಲ ಹೊರಗಿಟ್ಟು ಬ್ಲೂಟೂತ್ ಸ್ಪೀಕರ್ ಒಳಗಿಡಿ, ಅದೂ ಬ್ಯಾಟರಿಯಲ್ಲಿ ಓಡುವುದು. ಹಬೆ ಹನಿಗಿಂತ ಕೆಟ್ಟದ್ದು. ನೀರಿನ ಹನಿ ನಿಲ್ಲುವ ಕಡೆ ಆವಿ ನುಸುಳಿ ಹೋಗಿ, ಒಳಗೆ ತಣ್ಣಗಿನ ಬೋರ್ಡ್ ಮೇಲೆ ನೀರಾಗುತ್ತದೆ. ಐಪಿ ಪರೀಕ್ಷೆ ತಣ್ಣೀರಿಗೆ, ಹಬೆಗಲ್ಲ.

ಒಂದು ಮಾತು ದಯವಿಟ್ಟು ಎಲ್ಲರೂ ಕೇಳಿ. ಚಾರ್ಜಿಗೆ ಹಾಕಿದ ಫೋನನ್ನು ಸ್ನಾನದ ಮನೆಗೆ, ತೊಟ್ಟಿಯ ಹತ್ತಿರ ಒಯ್ಯಬೇಡಿ. ಹೀಗೆ ಮಾಡಿ ಪ್ರಾಣ ಕಳೆದುಕೊಂಡವರಿದ್ದಾರೆ. ಕವರ್ ಇದ್ದರೂ ಬೇಡ, ಉದ್ದ ವೈರ್ ಇದ್ದರೂ ಬೇಡ.

ಹೊಸಬ
ಒದ್ದೆ ಆದ ಮೇಲೆ ಅಕ್ಕಿ ಡಬ್ಬಿಯಲ್ಲಿ ಹೂತಿಡುವುದು ಎಲ್ಲರಿಗೂ ಗೊತ್ತಿರೋದೇ. ಅದು ಇರುವಾಗ ಇಷ್ಟೆಲ್ಲ ಯಾಕೆ?

ಎಡಗೈ
ಅಕ್ಕಿ ಕೆಲಸ ಮಾಡಲ್ಲ.

ಸಂಜೆಮಳೆ
ನನ್ನ ತಂಗಿಯ ಫೋನ್ ಅಕ್ಕಿಯಲ್ಲಿಟ್ಟ ಮೇಲೆ ಆನ್ ಆಯಿತು. ಕಣ್ಣಾರೆ ನೋಡಿದ್ದೇನೆ.

ಸೋಲ್ಡರ್
ಆನ್ ಆಗಿರುತ್ತದೆ, ಇಲ್ಲ ಅನ್ನಲ್ಲ. ಅಕ್ಕಿ ಇಲ್ಲದೆ ಟೇಬಲ್ ಮೇಲೆ ಬಿಟ್ಟಿದ್ದರೂ ಆಗುತ್ತಿತ್ತು. ಒಂದು ದಿನ ಯಾರೂ ಮುಟ್ಟದೆ ಬಿಟ್ಟರಲ್ಲ, ಉಳಿಸಿದ್ದು ಅದು. ಗಾಳಿಯಾಡುವ ಕಡೆ ಇಟ್ಟರೆ ಅಕ್ಕಿಗಿಂತ ಬೇಗ ಒಣಗುತ್ತದೆ. ಮುಚ್ಚಿದ ಡಬ್ಬಿಯಲ್ಲಿ ಗಾಳಿ ಎಲ್ಲಿಂದ ಬರಬೇಕು? ಅಕ್ಕಿಯ ಹಿಟ್ಟು, ನುಚ್ಚು ಚಾರ್ಜಿಂಗ್ ಪೋರ್ಟಿನೊಳಗೆ ಸೇರಿ ಅಂಟಿಕೊಂಡದ್ದನ್ನು ನಾನೇ ಸೂಕ್ಷ್ಮದರ್ಶಕದ ಕೆಳಗೆ ಕೆರೆದು ತೆಗೆದಿದ್ದೇನೆ. ಆಪಲ್ ಕೂಡ ತನ್ನ ಸಹಾಯ ಪುಟದಲ್ಲಿ ಅಕ್ಕಿಯಲ್ಲಿ ಇಡಬೇಡಿ ಅಂತ ನೇರವಾಗಿ ಬರೆದಿದೆ. 2024ರಲ್ಲಿ ಅದು ದೊಡ್ಡ ಸುದ್ದಿಯೂ ಆಯಿತು.

ನೀರು ಮಾತ್ರ ಇದ್ದರೆ ಒಣಗಿ ಹೋಗುತ್ತದೆ. ತೊಂದರೆ ಕೊಡುವುದು ನೀರಿನಲ್ಲಿ ಕರಗಿದ ಉಪ್ಪು, ಖನಿಜ. ಬ್ಯಾಟರಿಯ ವಿದ್ಯುತ್ ಹರಿಯುತ್ತಿರುವಾಗ ಉಪ್ಪು ನೀರು ಸಿಕ್ಕಿದರೆ ಲೋಹ ಕರಗಿ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗಿ ಕೂರುತ್ತದೆ. ಬಿಚ್ಚಿ ನೋಡಿದರೆ ಪಿನ್ನುಗಳ ನಡುವೆ ಹಸಿರು, ಬಿಳಿ ಪುಡಿ. ಈ ಸವೆತ ಫೋನ್ ಆನ್ ಆದ ಮೇಲೂ ನಡೆಯುತ್ತಲೇ ಇರುತ್ತದೆ. ಮೂರು ತಿಂಗಳಾದ ಮೇಲೆ ಚಾರ್ಜ್ ಆಗುತ್ತಿಲ್ಲ ಅಂತ ಬರುತ್ತಾರೆ. ಆ ಪುಡಿಯನ್ನು ಅಕ್ಕಿ ಹೀರುವುದಿಲ್ಲ.

ಆದ್ದರಿಂದ ಒದ್ದೆ ಆದ ತಕ್ಷಣ ಆಫ್ ಮಾಡಿ. ಹೊರಗೆ ಒರೆಸಿ. ಪೋರ್ಟ್ ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ. ಫ್ಯಾನ್ ಗಾಳಿ ಬೀಳುವ ಕಡೆ ಇಡಿ. ಒಂದು ದಿನ ಚಾರ್ಜರ್ ಹತ್ತಿರ ತರಬೇಡಿ. "ಆನ್ ಆಗುತ್ತಾ ನೋಡೋಣ" ಅನ್ನುವ ಆ ಒಂದು ಒತ್ತುವಿಕೆಯಿಂದಲೇ ಎಷ್ಟೋ ಬೋರ್ಡುಗಳು ಹೋಗಿವೆ.

ಗರಗಸ
ಸಿಮ್ ಟ್ರೇ ಕೂಡ ತಕ್ಷಣ ತೆಗೆಯಬೇಕು ಅಲ್ವಾ?

ಸೋಲ್ಡರ್
ತಕ್ಷಣ ಬೇಡ. ಟ್ರೇಗೆ ರಬ್ಬರ್ ಬಳೆ ಇರುವ ಫೋನಾದರೆ, ಹೊರಗೆ ಒದ್ದೆ ಇರುವಾಗ ತೆಗೆದರೆ ನೀರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಹೊರಗೆ ಪೂರ್ತಿ ಒಣಗಿದ ಮೇಲೆ ತೆಗೆಯಿರಿ. ಹೇರ್ ಡ್ರೈಯರ್, ಬಿಸಿಲು ಎರಡೂ ಬೇಡ. ಬಿಸಿಗೆ ಅಂಟು ಸಡಿಲವಾಗುತ್ತದೆ, ಬ್ಯಾಟರಿಗೂ ಒಳ್ಳೆಯದಲ್ಲ. ಪೋರ್ಟಿಗೆ ಹತ್ತಿ ಸುತ್ತಿದ ಕಡ್ಡಿ ತುರುಕಬೇಡಿ.

ದೋಣಿಹುಟ್ಟು
ಸಮುದ್ರದ ನೀರಾದರೆ?

ಸೋಲ್ಡರ್
ಐಪಿ67, ಐಪಿ68 ಇರುವ, ಒಡೆಯದ ಫೋನಾದರೆ ಆಫ್ ಮಾಡಿ ಸಿಹಿನೀರಿನಲ್ಲಿ ಮೆಲ್ಲಗೆ ತೊಳೆದು ಒರೆಸಿ ಒಣಗಿಸಿ. ನಲ್ಲಿ ಜೋರಾಗಿ ಬಿಡಬೇಡಿ. ರೇಟಿಂಗ್ ಇಲ್ಲದ ಫೋನಾದರೆ ಆಫ್ ಮಾಡಿ ಅವತ್ತೇ ರಿಪೇರಿಯವರ ಹತ್ತಿರ ಒಯ್ಯಿರಿ. ಬಿಚ್ಚಿ ಆಲ್ಕೋಹಾಲಿನಲ್ಲಿ ಬೋರ್ಡ್ ತೊಳೆಯುತ್ತಾರೆ. ಉಪ್ಪುನೀರಿಗೆ ಕಾಯುವಷ್ಟು ಸಮಯ ಇಲ್ಲ.

ಸಂಜೆಮಳೆ
ಸರಿ, ಅಕ್ಕಿ ವಿಷಯ ಒಪ್ಪಿದೆ. ಹೊಸ ಶೂ, ಬ್ಯಾಗ್ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಕೂಡಿಡುತ್ತೇನೆ. ಅವುಗಳಿಂದ ಏನಾದರೂ ಉಪಯೋಗ ಇದೆಯಾ?

ಎಡಗೈ
ಇದೆ. ಒದ್ದೆ ಫೋನಿಗಿಂತ ಒಣ ಫೋನಿಗೆ ಉಪಯೋಗ ಜಾಸ್ತಿ. ಜಿಪ್ ಲಾಕ್ ಕವರಿನಲ್ಲಿ ಫೋನ್ ಹಿಂದೆ ಒಂದು ಪೊಟ್ಟಣ ಇಡಿ. ಗರಗಸ ಹೇಳಿದ ಹನಿಗಟ್ಟುವ ತೊಂದರೆ ಕಮ್ಮಿಯಾಗುತ್ತದೆ. ಕೂಡಿಟ್ಟದ್ದು ತೆರೆದ ಡ್ರಾಯರಿನಲ್ಲಿದ್ದರೆ ಮಾತ್ರ ಅವು ಈಗಾಗಲೇ ತೇವ ಕುಡಿದು ಸುಮ್ಮನಾಗಿರುತ್ತವೆ. ಗಾಳಿಯಾಡದ ಡಬ್ಬಿಯಲ್ಲಿಡಿ.

ಗುಡ್ಡದದಾರಿ
ಬೈಕ್ ಓಡಿಸುವವರು ಯಾರಾದರೂ ಇದ್ದೀರಾ? ಮಳೆಯಲ್ಲಿ ದಾರಿ ನೋಡಲು ಹ್ಯಾಂಡಲಿಗೆ ಜಿಪ್ ಲಾಕ್ ಕವರಿನಲ್ಲಿ ಫೋನ್ ಕಟ್ಟುತ್ತೇನೆ. ಕವರ್ ಮೇಲೆ ಹನಿ ಬಿದ್ದರೆ ಮ್ಯಾಪ್ ತಾನೇ ಅತ್ತಿತ್ತ ಓಡುತ್ತದೆ.

ಎಡಗೈ
ಹನಿಯನ್ನೂ ಫೋನ್ ಬೆರಳು ಅಂದುಕೊಳ್ಳುತ್ತದೆ. ದಾರಿ ಹಾಕಿದ ಮೇಲೆ ಸ್ಕ್ರೀನ್ ನೋಡಲೇಬೇಡಿ. ಫೋನ್ ಜೇಬಿಗೆ, ದಾರಿ ಹೇಳುವ ಧ್ವನಿ ಹೆಲ್ಮೆಟ್ಟಿನ ಸ್ಪೀಕರಿಗೆ. ನೀರಿನೊಳಗೂ ಇದೇ ಕಥೆ, ಟಚ್ ಸತ್ತು ಹೋಗುತ್ತದೆ. ಮುಳುಗಿಸಿ ಫೋಟೋ ತೆಗೆಯುವವರು ಮೊದಲೇ ಕ್ಯಾಮೆರಾ ತೆರೆದಿಟ್ಟು ವಾಲ್ಯೂಮ್ ಬಟನ್ ಒತ್ತಬೇಕು.

ಬಣ್ಣದಬ್ರಶ್
ಹ್ಯಾಂಡಲಿಗೆ ಕಟ್ಟುವುದರಲ್ಲಿ ಇನ್ನೊಂದು ಅಪಾಯ ಇದೆ. ದೊಡ್ಡ ಎಂಜಿನ್ ಬೈಕುಗಳ ಅದುರುವಿಕೆಯಿಂದ ಕ್ಯಾಮೆರಾದ ಅಲುಗಾಟ ತಡೆಯುವ ಭಾಗ ಕೆಡಬಹುದು ಅಂತ ಆಪಲ್ 2021ರಲ್ಲೇ ಎಚ್ಚರಿಸಿದೆ.

ಗುಡ್ಡದದಾರಿ
ಇದು ಗೊತ್ತಿರಲಿಲ್ಲ. ಹಾಗಾದರೆ ಜೇಬೇ ಸರಿ.

ಹೊಸಬ
ಚಾರ್ಜಿಂಗ್ ಪೋರ್ಟಿಗೆ ಟೇಪ್ ಅಂಟಿಸಿ ವ್ಯಾಸಲೀನ್ ಹಚ್ಚಿದರೆ ನೀರು ಹೋಗಲ್ಲ ಅಂತ ಕೇಳಿದ್ದೇನೆ.

ಸೋಲ್ಡರ್
ದಯವಿಟ್ಟು ವ್ಯಾಸಲೀನ್ ಬೇಡ. ಪಿನ್ನಿಗೆ ಹತ್ತಿ ಧೂಳೆಲ್ಲ ಅಲ್ಲೇ ಮೆತ್ತಿಕೊಳ್ಳುತ್ತದೆ. ಧೂಳಿಗೆ ಮಾತ್ರ ಅಂದರೆ ಬಣ್ಣದ ಕೆಲಸದ ಮಾಸ್ಕಿಂಗ್ ಟೇಪ್ ಒಂದು ತುಂಡು ಅಂಟಿಸಬಹುದು, ಅದರ ಅಂಟು ಫೋನಿಗೆ ಉಳಿಯುವುದು ಕಮ್ಮಿ. ಮೈಕ್ ತೂತು ಮುಚ್ಚಿದರೆ ಎದುರಿನವರಿಗೆ ನಿಮ್ಮ ಮಾತು ಕೇಳಿಸಲ್ಲ, ಅದನ್ನು ಬಿಟ್ಟು ಅಂಟಿಸಿ.

ಕಿಟಕಿಪಕ್ಕ
ಎಣ್ಣೆ ಜಿಡ್ಡು ಒರೆಸಲು ಗಾಜು ಒರೆಸುವ ಸ್ಪ್ರೇ ಪರವಾಗಿಲ್ಲವಾ?

ಒಗ್ಗರಣೆ
ಬೇಡ. ಸ್ಕ್ರೀನ್ ಮೇಲೆ ಜಿಡ್ಡು ಹಿಡಿಯದ ಹಾಗೆ ತೆಳು ಲೇಪ ಇರುತ್ತದೆ, ಅದು ಹೋಗುತ್ತದೆ. ಕನ್ನಡಕ ಒರೆಸುವ ಬಟ್ಟೆ ಸ್ವಲ್ಪ ತೇವ ಮಾಡಿ ಒರೆಸಿ. ಜಿಡ್ಡು ಬಿಡದಿದ್ದರೆ 70 ಶೇಕಡಾ ಐಸೊಪ್ರೊಪೈಲ್ ಆಲ್ಕೋಹಾಲ್ ಬಟ್ಟೆಗೆ ಹಾಕಿಕೊಂಡು, ಫೋನಿಗೆ ನೇರ ಸಿಂಪಡಿಸದೆ.

ಹಿಟ್ಟಿನಕೈ
ಕೊನೆಯದಾಗಿ ಒಂದು. ದೋಣಿ ಇಳಿದ ಮೇಲೆ ಮರಳಿನಲ್ಲಿ ಆಡುತ್ತಾರೆ ಮಕ್ಕಳು. ಅದೇ ಕವರ್ ಮತ್ತೆ ಮತ್ತೆ ಬಿಚ್ಚಿ ಹಾಕಬಹುದಾ?

ದೋಣಿಹುಟ್ಟು
ಮರಳಿನಲ್ಲಿ ಬಿಚ್ಚಲೇಬೇಡಿ. ಜಿಪ್ಪಿನ ಗೆರೆಯಲ್ಲಿ ಒಂದು ಕಣ ಕೂತರೂ ಅಲ್ಲಿ ಜಿಪ್ ಕಚ್ಚುವುದಿಲ್ಲ, ನಿಮಗೆ ಮುಚ್ಚಿದ ಹಾಗೇ ಕಾಣುತ್ತದೆ. ಉಗುರು ಎಳೆದು ನೋಡಿದರೆ ಆ ಜಾಗದಲ್ಲಿ ತಡೆ ಸಿಗುತ್ತದೆ. ಮರಳಿನ ಕಣ ಫೋನಿನ ಗಾಜಿಗೂ ಗೀರು ಹಾಕುವಷ್ಟು ಗಟ್ಟಿ. ಫೋನ್ ಮೇಲೆ ಮರಳು ಬಿದ್ದರೆ ಬಟ್ಟೆಯಲ್ಲಿ ಉಜ್ಜದೆ ಮೊದಲು ಊದಿ, ಬ್ರಶ್ಶಿನಿಂದ ಕೊಡವಿ. ಒಣ ಕವರ್ ಇನ್ನೆರಡು ಜೇಬಿನಲ್ಲಿರಲಿ. ತೆಗೆದದ್ದನ್ನು ಮನೆಗೆ ತಂದು ತೊಳೆದು, ಮತ್ತೆ ಟಿಶ್ಯೂ ಪರೀಕ್ಷೆ ಮಾಡಿ ಬಳಸಿ.

ಗರಗಸ
ತೊಳೆದ ಕವರನ್ನು ಒಳಗು ಹೊರಗು ಮಾಡಿ ಒಣಗಿಸಿ. ಮೂಲೆಯಲ್ಲಿ ನೀರು ನಿಂತಿರುತ್ತದೆ.